ಥಂಡರ್‌ಬರ್ಡ್‌ನ ಮೊದಲ ಮೇಲ್

ಯತೀಶ,

ಇದನ್ನು ಕಳಿಸುವುದಿಲ್ಲ, ಓದುವ ಯೋಗ್ಯತೆ ನಿನಗಿಲ್ಲ.

ಕುಶಾಲನಗರದ ನಮ್ಮ ಕರಿಮೆಣಸಿನ ವ್ಯಾಪಾರದಲ್ಲಿ ನೀನು ಪಾಲುದಾರನಾಗಿದ್ದಷ್ಟು ದಿನವೂ, "ನಾನಿಲ್ದಿದ್ರೆ ನಿಂಗೆ ಮೇಲ್ ಓಪನ್ ಮಾಡಕ್ಕೂ ಬರಲ್ಲ" ಎಂದು ಮೀಸೆ ತಿರುವುತ್ತಿದ್ದೆ. ವಿರಾಜಪೇಟೆಯಲ್ಲಿ ಬೇರೆ ಅಂಗಡಿ ಇಟ್ಟವನೇ, ಕೇಳು. ಇವತ್ತು ಕಂಪ್ಯೂಟರಿನಿಂದ ನಿನ್ನ ಔಟ್‌ಲುಕ್ ತೆಗೆದು, ಮೇಲ್ ನೋಡಲು ಥಂಡರ್‌ಬರ್ಡ್ ಎಂಬ ಬೇರೆ ಸಾಫ್ಟ್‌ವೇರ್ ಹಾಕಿದೆ. ನೀನು ಬ್ರಹ್ಮವಿದ್ಯೆಯೆಂದು ಬೀಗುತ್ತಿದ್ದ ಕೆಲಸವನ್ನು ಕಾಫಿ ಆರುವುದರೊಳಗೆ ನಾನೇ ಮುಗಿಸಿದೆ. ಹಳೆಯ ಮೇಲ್‌ಗಳೆಲ್ಲ ಬಂದವು. ನಿನ್ನ ಉಪದೇಶಗಳೂ ಬಂದವು. ಪಾಪ, ಕಂಪ್ಯೂಟರಿಗೆ ಕಸ ಯಾವುದೆಂದು ಗೊತ್ತಾಗುವುದಿಲ್ಲ.

"ಟೆಸ್ಟ್‌ಗೆ ಯಾರಿಗಾದ್ರೂ ಒಂದು ಕಳ್ಸಿ ಅಕ್ಕ," ಎಂದಳು ಲೆಕ್ಕ ಬರೆಯುವ ದಿವ್ಯಶ್ರೀ.

ನನ್ನ ಬೆರಳು ತಾನಾಗಿ ನಿನ್ನ ಹೆಸರಿನ ಮೊದಲ ಅಕ್ಷರ ಒತ್ತಿತು. ಉಳಿದ ವಿಳಾಸವನ್ನು ಥಂಡರ್‌ಬರ್ಡೇ ತುಂಬಿಸಿತು.

"ಯಾಕಕ್ಕ ನಿಲ್ಸಿದ್ರಿ?"

ನಿನ್ನ ವಿಳಾಸ ಅಳಿಸಿ, ನನಗೇ ಕಳಿಸಿಕೊಂಡೆ. ತಕ್ಷಣ ಬಂತು.

ವಿನುತಾ