ಕುರಿ ಕಾಲ ನೋಡಿದಿ, ನಿನ್ನ ಕಾಲ ನೋಡಲಿಲ್ಲ

ಭಾವಾ,

ಪತ್ರದ ಮ್ಯಾಲ ಮೊದಲ ನಮಸ್ಕಾರ ಬರೀಬೇಕಂತ ಸಾಲ್ಯಾಗ ಕಲಿಸ್ಯಾರ. ನಾ ಬರ್ಯಾಂಗಿಲ್ಲ. ನಿನ್ನ ಮ್ಯಾಲಿನ ಸಿಟ್ಟು ಇನ್ನಾ ಇಳದಿಲ್ಲ. ಇಳೀಲಿ, ಆಮ್ಯಾಲ ಬರದ್ರಾತು ಅಂತ ಒಂದ ವರ್ಷ ಕಾದೆ. ಅದು ನಿನ್ನ ಆ ಕರಿ ಟಗರಿನಂಗ, ಕಟ್ಟಿ ಹಾಕಿದಷ್ಟೂ ಗುದ್ದತದ. 'ನನಗ ಓದಲಿಕ್ಕ ಬರಂಗಿಲ್ಲ' ಅನ್ನೋ ನಿನ್ನ ನೆಪ ಮ್ಯಾಲ ಅಲ್ಲಿ ನಡ್ಯಾಂಗಿಲ್ಲ. ನಮ್ಮ ತುರೋರಿ ಊರಿನವ್ರು ಭಾಳ ಮಂದಿ ಅಲ್ಲಿಗಿ ಮುಟ್ಯಾರ, ಯಾರ ಕಡಿಂದರೆ ಓದಿಸಿಕೊ. ನನ್ನಂಗ ಓದಾವ್ರು ಸಿಗಾಂಗಿಲ್ಲ, ಆ ಮಾತು ಬ್ಯಾರೆ. ಮರಾಠಿ ಸಾಲ್ಯಾಗ ಏಳನೆತ್ತಾ ತನಕ ಕಲ್ತು, ಕನ್ನಡ ಅಕ್ಷರ ಗುಡಿ ಗ್ವಾಡಿ ಮ್ಯಾಲ ನೋಡಿ ನೋಡಿ ತಾನಾ ಕಲ್ತಾಂವಾ ಈ ಸುತ್ತಿನ್ಯಾಗ ಮತ್ಯಾರು ಹೇಳು?

ಹೊತ್ತು ಮುಣಗೂದಕ್ಕ ಕುರಿ ಹಿಂಡು ಬರೋದು ನೆನಪಾಗತದ. ನೀ ಕುರಿ ದಡ್ಡಿ ಬಾಗಿಲದಾಗ ಕಂಬಳಿ ಹೆಗಲ ಮ್ಯಾಲ ಹಾಕ್ಕೊಂಡು ನಿಂತಿರ್ತಿದ್ದಿ. ಹಿಂಡು ಇನ್ನಾ ರಸ್ತಾ ದಾಟಿರ್ತಿದ್ದಿಲ್ಲ, ಲಾರಿ ಧೂಳದಾಗ ನನಗ ಬರೇ ಬೆಳ್ಳಗ ಕಾಣತಿತ್ತು. ನೀ ಮಾತ್ರ, 'ಆ ಸೀಳ ಕಿವೀದು ಹಿಂದಿನ ಎಡಗಾಲ ಎಳಿಲತ್ತದ ನೋಡು' ಅಂತಿದ್ದಿ. ಬಂದ ಕೂಡ್ಲೆ ಅದನ್ನ ತೊಡಿ ನಡುವ ಹಿಡದು, ಕಾಲ ತಿರುವಿ, ಉಡದಾರಕ್ಕ ಕಟ್ಟಿದ ಚಿಮಟಗೀಲೆ ಮುಳ್ಳ ಕೀಳತಿದ್ದಿ. ಕುಂಟದ ಕುರೀದೂ ಗೊರಸು ತಿರುವಿ ನೋಡೇ ಒಳಗ ಬಿಡತಿದ್ದಿ. ನಾ ನಕ್ರ ಅಂತಿದ್ದಿ, 'ಬಾಯಿಲ್ಲದ ಜೀವ ಅದು. ಅದು ಹೇಳಂಗಿಲ್ಲ, ನಾವೇ ನೋಡಬೇಕು.' ಭಾವಾ, ನಿನಗ ಬಾಯಿ ಇತ್ತಲ್ಲೋ! ನೀ ಯಾಕ ಹೇಳಲಿಲ್ಲ?

ತಡಿ, ನನ್ನ ಪಾಲಿಂದೂ ಬರೀತೀನಿ. ಯುಗಾದಿ ಮುಂದ ನಾವಿಬ್ರೂ ಉಮರ್ಗಾದ ದವಾಖಾನಿಗಿ ಹೋಗಿದ್ದು ನೆನಪದ ಏನು? ನಿನಗ ಸಕ್ರಿ ಬ್ಯಾನಿ ಬಂದು ಎರಡ ವರ್ಷ ಆಗಿತ್ತು. ಅಲ್ಲಿನ ಹೆಣ್ಣಮಗಳು ಡಾಕ್ಟರ್ ಬಾಯಿ ಕೊಟ್ಟ ಗುಳಗಿ ಅಕ್ಕ ದಿನಾ ಎಣಿಸಿ ಕೈಯಾಗ ಇಡತಿದ್ದಳು. ಅವತ್ತ ರಕ್ತ ತಪಾಸಿದ ಕಾಗದ ಕೈಗಿ ಬಂತು, ಅದನ್ನ ಡಾಕ್ಟರ್ ಬಾಯಿಗಿ ತೋರಿಸಬೇಕಿತ್ತು. ಬಾಗಲದಾಗ ಸಾಲು ಅಂದ್ರ ಸಾಲು. ನೀ ಅಂದಿ, 'ಏ ಪಂಡಿತಾ, ನೀನೇ ಓದು, ಏನ ಬರದಾರ?' ಅಷ್ಟ ಸಾಕಾತು ನನಗ. ಕಾಗದ ಕೈ ಉದ್ದ ಮಾಡಿ ಹಿಡದು, ನಾಕ ಮಂದಿಗಿ ಕೇಳಂಗ ಅಂದೆ, 'ಭಾವಾ, ನಾರ್ಮಲ್! ಬ್ಯಾನಿ ಹೋಗ್ಯದ.'

'ಹಂಗಾರ ಗುಳಗಿ?'

'ಮಳಿ ನಿಂತ ಮ್ಯಾಲ ಕಂಬಳಿ ಕೊಪ್ಪಿ ಯಾರರೆ ಹೊದ್ಕೋತಾರೇನು?'

ನೀ ಹೌದಲ್ಲ ಅಂದಿ. ಸಾಲು ಬಿಟ್ಟು ಎಸ್ಟಿ ಬಸ್ ಸ್ಟ್ಯಾಂಡಿನ ಮುಂದಿನ ಹೋಟಲ್ದಾಗ ಬಿಸಿ ಜಿಲೇಬಿ ತಿಂದಿವಿ. ಎರಡನೆ ಪ್ಲೇಟು ಹೇಳಿದಾಂವ ನಾನೇ. ಮನಿಗಿ ಬಂದು ಅಕ್ಕಗ ನೀ ಏನ ಹೇಳಿದಿ? 'ಡಾಕ್ಟರ್ ಬಾಯೀನೇ ಬ್ಯಾಡಂದಾಳ' ಅಂತ. ನನ್ನ ಮೀಸಿ ಉಳಸಲಿಕ್ಕ ಸುಳ್ಳ ಹೇಳಿದ್ಯೇನು, ನಿನ್ನ ಜಿಲೇಬಿ ಉಳಸಲಿಕ್ಕೇನು? ಈಗ ಕೇಳಬೇಕಂದ್ರ...

ಮುಂದ ದಸರಾ ಆದ ಮ್ಯಾಲ ಜಾಲಿ ಮುಳ್ಳ ನಟ್ಟದ್ದು ನಿನಗ ಗೊತ್ತೇ ಆಗಿಲ್ಲ, ಸಕ್ರಿ ಏರಿ ಪಾದ ಮರಗಟ್ಟಿತ್ತು. ಕಾಲಿನ ಹೆಬ್ಬಟ್ಟ ಕೀವಾದ ಮ್ಯಾಲ ಕಂಡದ. ಕಂಡ ಮ್ಯಾಲರೆ ಬಾಯಿ ಬಿಡಬೇಕಿಲ್ಲೇನು? ಬೀರಪ್ಪನ ಗುಡೀಂದ ಅರಿಷಿಣ ಭಂಡಾರ ತಂದು ಗಾಯದಾಗ ತುಂಬಿದಿ, ಹಳಿ ರುಮಾಲ ಹರದು ಕಟ್ಟಿದಿ, ಮ್ಯಾಲ ಕೆರ ಮೆಟ್ಟಿ ನಡದಿ. ಅಕ್ಕ, 'ಏನೋ ನಾತ ಬರತದಲ್ಲ' ಅಂದ್ರ, 'ಕುರಬನ ಮನ್ಯಾಗ ಅತ್ತರ ವಾಸನಿ ಬರತದೇನು?' ಅಂತ ಆಕೀನ್ನೇ ನಗಿಸಿದಿ. ಭಂಡಾರ ಹಣಿಗಿ ಹಚ್ಚಲಿಕ್ಕ ಅದನೋ ಮಾರಾಯಾ! ದವಾಖಾನಿಗಿ ಹೋಗಬ್ಯಾಡಂತ ಬೀರಪ್ಪ ನಿನ್ನ ಕನಸಿನ್ಯಾಗ ಬಂದಿದ್ದನೇನು? ನಾ ಹಿಡದು ರುಮಾಲ ಬಿಚ್ಚಿದಾಗ ಹೆಬ್ಬಟ್ಟ ಕರ್ರಗಾಗಿತ್ತು. 'ನೋವಿಲ್ಲೋ, ಬಿಡೋ' ಅಂತ ನನ್ನನ್ನೇ ಬೈದಿ. ಕುರಿ ಆದ್ರ ಕುಂಟತದ, ಅದಕ್ಕ ನಮಗ ತಿಳೀತದ. ನೀ ಕುಂಟಲೂ ಇಲ್ಲ.

ಸೋಲಾಪುರದ ದೊಡ್ಡ ದವಾಖಾನ್ಯಾಗ ಮೊಣಕಾಲ ತನಕ ತೆಗೀಬೇಕು, ಇವತ್ತೇ ತೆಗೀಬೇಕು ಅಂದ್ರು. ನೀ ಗ್ವಾಡಿ ಕಡೆ ಮಾರಿ ಮಾಡಿದಿ. 'ಒಂಟಿಕಾಲಿನ ಕುರುಬ ಯಾವ ಕುರಿಗಿ ಬೇಕು, ಪಂಡಿತಾ?' ಊರಾಗ ಎಲ್ಲಾರ ಮಾತಿಗೂ ಮಾತು ಕೊಡಾಂವ ನಾ, ಅವತ್ತ ನಿನ್ನ ಚಾದರ ಜಗ್ಗಿ ಸರಿ ಮಾಡಕೋತ ಕುಂತೆ. ಮೂರ ದಿನ ಹಟ ಹಿಡದಿ. ನಾಕನೆ ದಿನ ಹೂಂ ಅಂದಿ, ಅಷ್ಟೊತ್ತಿಗಿ ವಿಷ ರಕ್ತಕ್ಕ ಏರಿತ್ತು. ನಿನ್ನ ಮಾತಿಗಿ ಉತ್ತರ ಈಗ ಸಿಕ್ಕದ, ಕೇಳು. ಕುರಿಗಿ ಬ್ಯಾಡಾಗಿದ್ರ ಬ್ಯಾಡ. ಒಂಟಿಕಾಲಲೆ ಆಗಲಿ, ಎಳಕೋತಾಗಲಿ, ನೀ ನಮ್ಮ ಅಕ್ಕಗ ಬೇಕಾಗಿದ್ದಿ.

ಮಣ್ಣಿಗಿ ಬಂದ ಮಂದಿ, 'ಮಾಳಪ್ಪನ ಆಯುಷ್ಯ ಅಷ್ಟೇ ಇತ್ತು' ಅಂದ್ರು. ಅವರ ಬಾಯಿಗಿ ಬೆಂಕಿ ಹಾಕಲಿ ಅನಿಸ್ತು. ಆಯುಷ್ಯ ಇತ್ತು, ನಾ ಓದಿದ ಒಂದ ಕಾಗದ ಅದನ್ನ ತಿಂದದ. ಸಾಲು ಬಿಟ್ಟು ಬಂದಿದ್ದು ನಿನಗ ಗೊತ್ತು, ನನಗ ಗೊತ್ತು. ನೀ ಹೋದಿ. ಅಕ್ಕನ ಮಾರಿ ನೋಡಿದಾಗೆಲ್ಲಾ ನಾ ಹವಾಮಾನದ ಮಾತು ತೆಗೀತಿದ್ದೆ. ಆಕಿ ಎಲ್ಲಾ ತಪ್ಪು ಆ ಡಾಕ್ಟರ್ ಬಾಯಿ ಮ್ಯಾಲ ಹಾಕ್ಕೊಂಡು ಕುಂತಿದ್ದಳು. 'ಆಕಿ ಗುಳಗಿ ಬಿಡಸದಿದ್ರ ನನ್ನ ಗಂಡ ಇರ್ತಿದ್ದ' ಅಂತ ಬಾವಿ ಕಟ್ಟಿ ಮ್ಯಾಲ ಶಾಪ ಹಾಕತಿದ್ದಳು. ಬಾಜೂಕ ನಿಂತು ಕೇಳಿದೆ ನಾ.

ಇನ್ನ ನಗಬ್ಯಾಡ. ಉದಗೀರ ಕಿಲ್ಲಾದ ಬುರುಜ ಅರವತ್ತರ ವಯಸ್ಸಿನ್ಯಾಗ ಒಂದೇ ಉಸರಿನ್ಯಾಗ ಹತ್ತಿದಾಂವಾ, ನಮ್ಮ ಮನಿತನದಾಗ ಯಾರಿಗೂ ಸಕ್ರಿ ಇಲ್ಲ ಅಂತ ಚಹಾದಂಗಡ್ಯಾಗ ಡೌಲು ಬಡಕೊಂಡಾಂವಾ, ನಿನ್ನ ಈ ಪಂಡಿತಗೂ ಸಕ್ರಿ ಬ್ಯಾನಿ ಬಂದದ. ಪಾದ ಒಂದಿಷ್ಟ ದಿನ ಉರೀತು, ಆಮ್ಯಾಲ ಹತ್ತಿ ಮ್ಯಾಲ ನಡದಂಗ ಆತು. ಯಾರಿಗೂ ಹೇಳದೆ ಉಮರ್ಗಾಕ್ಕ ಹೋಗಿ ಗುಳಗಿ ತಂದೆ. ಭಂಡಾರದ ಚೀಲದಾಗ ಮುಚ್ಚಿಟ್ಟು ತಿನ್ನತಿದ್ದೆ, ಕಳ್ಳನಂಗ. ಊಟದಾಗ ಸಿಹಿ ಸಜ್ಜಕ ಬಿಟ್ರ ಮಂದಿಗಿ ತಿಳೀತದಂತ ಹಲ್ಲುನೋವಿನ ನೆಪ ಹೇಳಿದೆ. ಬೆಳಿಗ್ಗಿ ನಡಿಯೋದಕ್ಕ, ತಪ್ಪಿಸಿಕೊಂಡ ಕುರಿಮರಿ ಹುಡಕತೀನಿ ಅಂದೆ. ಎಷ್ಟ ದಿನ ಒಂದೇ ಮರಿ ಹುಡಕಲಿ?

ಹೋದ ವಾರ ಅಕ್ಕನ ಮೊಣಕಾಲ ನೋವಿಗಿ ಅದೇ ಡಾಕ್ಟರ್ ಬಾಯಿ ಹಂತ್ಯಾಕ ಕರಕೊಂಡ ಹೋದೆ. ಅಕ್ಕ ಬೈಕೋತೇ ಬಂದಳು. ನಂದೂ ರಕ್ತದ ಕಾಗದ ಬರೋದಿತ್ತು. ಬಂತು. ಬಿಚ್ಚಿ ನೋಡಿದೆ. ಅದೇ ಅಕ್ಷರ, ಭಾವಾ. ನಾರ್ಮಲ್. ಅದೇ ಬಾಗಲಾ, ಅಷ್ಟೇ ಸಾಲು. ಎದುರಿಗಿ ಸ್ಟ್ಯಾಂಡ್ ಮುಂದಿನ ಹೋಟಲ್ದಾಗ ಜಿಲೇಬಿ ಬಿಡಲತ್ತಿದ್ರು. ನನ್ನೊಳಗಿನ ಪಂಡಿತ ಎದ್ದು ನಿಂತ ನೋಡು! ಕಾಲ ಸ್ಟ್ಯಾಂಡ್ ಕಡೆ ತಿರಗೇ ಬಿಟ್ಟಿದ್ವು. ತಿರಗಿ ಬಂದು ಸಾಲಿನ್ಯಾಗ ಕುಂತೆ. ನಮ್ಮ ಪಾಳಿ ಬಂದಾಗ ಕಾಗದ ಮೇಜಿನ ಮ್ಯಾಲ ಇಟ್ಟು ಕೇಳಿದೆ, 'ಬಾಯಿ, ಮಳಿ ನಿಂತದ. ಇನ್ನ ಕಂಬಳಿ ಕೊಪ್ಪಿ ತೆಗೀಲೇನ್ರೀ?'

ಆಕಿ ಕಾಗದ ನೋಡಿದಳು, ನನ್ನ ಮಾರಿ ನೋಡಿದಳು. ಮರಾಠ್ಯಾಗ ಅಂದಳು, 'ಕಾಕಾ, ಮಳಿ ಎಲ್ಲಿ ನಿಂತದ? ಕಂಬಳಿ ಅದಂತ ನೀವು ತೊಯ್ದಿಲ್ಲ, ಅಷ್ಟೇ. ಗುಳಗಿ ಬಿಡ್ರಿ ಅಂತ ಯಾರ ಹೇಳಿದ್ರು ನಿಮಗ?'

'ಯಾರೂ ಹೇಳಿಲ್ಲ. ನಾ ಹೇಳಿದ್ದೆ. ಮಾಳಪ್ಪಗ.'

ಅಕ್ಕ ಬಾಜೂಕ ಕುಂತಿದ್ದಳು. ನಾ ಹೇಳಿದೆ ಭಾವಾ. ಸಾಲು, ಕಾಗದ, ಜಿಲೇಬಿ, ಎರಡನೆ ಪ್ಲೇಟು, ಎಲ್ಲಾ. ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟಳು. ಅಕ್ಕ ಸೆರಗ ಬಾಯಿಗಿ ಒತ್ತಿಕೊಂಡಳು. ಎಸ್ಟಿ ಬಸ್ಸಿನ್ಯಾಗ ತುರೋರಿ ತನಕ ಕಿಡಕಿ ಕಡೆ ಮಾರಿ ಮಾಡಿ ಕುಂತಳು. ಇಳದ ಮ್ಯಾಲ ನನ್ನ ಬಿಟ್ಟು ಮುಂದ ಮುಂದ ನಡದಳು. ಮೊಣಕಾಲ ನೋವಿನಾಕಿ, ನನಗ ಹಿಂದ ಹಾಕಿದಳು.

ಸಂಜಿಕಿ ಹಿಂಡು ಬಂತು. ನಾ ಗೊರಸು ತಿರುವಿ ನೋಡಿ ಒಂದೊಂದೇ ಒಳಗ ಬಿಡಲತ್ತಿದ್ದೆ. ಕಡೀ ಕುರಿ ಒಳಗ ಹೋತು. ಅಕ್ಕ ಗೂಟಕ್ಕ ತೂಗಿದ್ದ ನಿನ್ನ ಚಿಮಟಗಿ ತೊಗೊಂಡು ಬಂದಳು. ನೀ ಹೋದ ಮ್ಯಾಲ ಅದನ್ನ ಯಾರೂ ಮುಟ್ಟಿದ್ದಿಲ್ಲ. ದಡ್ಡಿ ಮುಂದಿನ ನಿನ್ನ ಕಲ್ಲ ಮ್ಯಾಲ ಕುಂತು ಅಂದಳು, 'ಹಣಮ್ಯಾ, ಕಾಲ ತಾ.'

'ಏನಿಲ್ಲ ಬಿಡಕ್ಕಾ, ನೋವಿಲ್ಲ.'

'ಅಂವಾನೂ ಇದೇ ಅಂದಿದ್ದ. ತಾ ಅಂದೆ.'

ನನ್ನ ಹಿಮ್ಮಡ ತನ್ನ ತೊಡಿ ಮ್ಯಾಲ ಇಟ್ಕೊಂಡು, ಬೆಳಕಿಗಿ ತಿರುವಿದಳು, ನೀ ತಿರುವಿದಂಗೇ. ಬೆರಳ ಸಂದಿ ಬಿಡಿಸಿ ನೋಡಿದಳು. ಇತ್ತು, ಭಾವಾ. ಜಾಲಿ ಮುಳ್ಳ, ಅರ್ಧ ಬೆರಳಷ್ಟುದ್ದ. ಯಾವಾಗಿಂದ ಮೆಟಗೊಂಡ ತಿರಗತಿದ್ನೋ, ನನಗ ಒಂದೀಟೂ ಖಬರಿದ್ದಿಲ್ಲ. ಚಿಮಟಗೀಲೆ ಕಿತ್ತು ನನ್ನ ಅಂಗೈಯಾಗ ಇಟ್ಟಳು. ಆಕಿ ಕಣ್ಣಾಗ ನೀರು ದಳದಳ.

'ನಿನಗ ನಾ ಮಾಫ್ ಮಾಡಿಲ್ಲ' ಅಂದಳು. 'ಇನ್ನೊಂದ ಕಾಲ ತಾ.'

ಕೊಟ್ಟೆ. ದಿನಾ ಕೊಡ್ತೀನಿ, ಆಕಿ ಬೈಲಿ, ಬಡೀಲಿ. ಮಾಫ್ ಮಾಡಂತ ನಿನಗೂ ಕೇಳಾಂಗಿಲ್ಲ, ನಾನೂ ನಿನಗ ಮಾಫ್ ಮಾಡಿಲ್ಲ. ಗುಳಗಿ ಈಗ ಎಲ್ಲಾರ ಎದರಿಗೇ ತಿನ್ನತೀನಿ. ಪಂಡಿತ ಅಂತ ಈ ಕಾಗದಕ್ಕ ಸಹಿ ಮಾಡಾಂಗಿಲ್ಲ.

ಹಣಮಂತ, ತುರೋರಿ