ಟ್ಯಾಂಕಿನ ಕೆಳಗಿನ ಮಂಚ

ಅಲ್ ಮುರಕ್ಕಬಾತ್, ದುಬೈ
21 ಸೆಪ್ಟೆಂಬರ್ 2024

ಪ್ರೀತಿಯ ಲೋಲಾಕ್ಷಿಯಕ್ಕನಿಗೆ,

ನಾನು ದೀಪ್ತಿ, ನಿಮ್ಮ ಯಜಮಾನರು ಪೂವಪ್ಪಣ್ಣ ಏಳು ವರ್ಷ ದುಡಿದ, ಕಟ್ಟಡ ಸಾಮಗ್ರಿ ಪರೀಕ್ಷಿಸುವ ಲ್ಯಾಬಿನ ಇಂಜಿನಿಯರ್. ಅವರಿಗೆ ಏನಾಯಿತು ಎಂದು ನೀವು ಫೋನಿನಲ್ಲಿ ಕೇಳಿದಾಗ ಹೃದಯಾಘಾತವಂತೆ ಎಂದುಬಿಟ್ಟೆ. ಸಹಜ ಸಾವು, ನಮ್ಮ ದೂರಿಲ್ಲ ಎಂಬ ಕಾಗದ ಕಂಪನಿಯಿಂದ ನಿಮಗೆ ಬಂದಿರಬಹುದು. ಅದಕ್ಕೆ ಸಹಿ ಹಾಕುವ ಮೊದಲು ಇದನ್ನು ಓದಿ.

ಮುಹೈಸ್ನಾದ ಕಾರ್ಮಿಕರ ವಸತಿಯಲ್ಲಿ ಅವರ ಕೋಣೆ ಕೊನೆಯ ಮಹಡಿಯಲ್ಲಿತ್ತು. ಬಿಸಿಲಿನ ಶಾಖ ಒಳಗಿಳಿಯದಂತೆ ತಾರಸಿಗೆ ಹಗುರವಾದ ಹಲಗೆ ಹಾಸಿದ್ದರು. ಅದರೊಳಗಿನ ಗಾಳಿಯ ಸಣ್ಣ ಗುಳ್ಳೆಗಳೇ ಶಾಖವನ್ನು ತಡೆಯುವುದು. ನಾಲ್ಕು ವರ್ಷದ ಹಿಂದೆ ಆ ಹಲಗೆ ಪರೀಕ್ಷೆಗೆ ಬಂದದ್ದು ನಮ್ಮಲ್ಲಿಗೇ. ತುಂಡು ಕತ್ತರಿಸಿ ಕೊಟ್ಟವರು ಪೂವಪ್ಪಣ್ಣ. ಮೇಲೆ ಭಾರ ಇಡದೆ ಅಳೆದೆವು, ಇಟ್ಟು ಅಳೆಯಬೇಕೆಂದು ನಿಯಮದಲ್ಲಿಲ್ಲ.

"ನಮ್ಮ ರೂಮಿನ ಮೇಲೆ ನೀರಿನ ಟ್ಯಾಂಕ್ ಕೂತಿದೆ ಮಾರಾಯ್ರೆ. ಹಲಗೆ ಅಪ್ಪಚ್ಚಿ ಆದ್ರೆ ನಿಮ್ಮ ಲೆಕ್ಕ ನಿಲ್ತದಾ ಮೇಡಂ?" ಎಂದು ಅವರು ಕೇಳಿದ್ದರು.

"ಟ್ಯಾಂಕ್ ಹೊತ್ತು ತನ್ನಿ ಪೂವಪ್ಪಣ್ಣ, ಇಟ್ಟು ಅಳೆಯುವ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಅದನ್ನೇ ಉತ್ತರ ಎಂದುಕೊಂಡೆನೇ ನಾನು?

ಆಗಸ್ಟಿನಲ್ಲಿ ಕೋಣೆಯ ಏಸಿ ಕೆಟ್ಟಿತು. ನಾಲ್ಕು ದಿನ ರಿಪೇರಿಗೆ ಯಾರೂ ಬರಲಿಲ್ಲ. ಐದನೆಯ ಬೆಳಿಗ್ಗೆ ಅವರು ಏಳಲಿಲ್ಲ.

ಆಮೇಲೆ, ಅವರೇ ಕತ್ತರಿಸಿಟ್ಟಿದ್ದ ಒಂದು ತುಂಡಿನ ಮೇಲೆ ಟ್ಯಾಂಕಿನಷ್ಟೇ ಒತ್ತಡ ಬೀಳುವಂತೆ ಕಬ್ಬಿಣದ ತೂಕ ಇಟ್ಟೆ. ಇಪ್ಪತ್ತು ದಿನದಲ್ಲಿ ಗುಳ್ಳೆಗಳು ಕುಸಿದು ಹಲಗೆಯ ದಪ್ಪ ಅರ್ಧಕ್ಕಿಳಿಯಿತು. ಶಾಖ ಎರಡು ಪಟ್ಟಿಗಿಂತಲೂ ಹೆಚ್ಚು ದಾಟಿತು. ಅದೇ ಅವರನ್ನು ಕೊಂದಿತೆಂದು ಯಂತ್ರ ಹೇಳುವುದಿಲ್ಲ. ಅಲ್ಲವೆಂದು ಹೇಳಲು ನನಗೂ ಆಗುತ್ತಿಲ್ಲ.

"ಯಾರೂ ಕೇಳದ ಪರೀಕ್ಷೆ ಇದು ದೀಪ್ತಿ, ಖಲಾಸ್, ಫೈಲಿಗೆ ಹಾಕ್ಬೇಡಿ" ಎಂದರು ನಮ್ಮ ಮ್ಯಾನೇಜರ್ ಹಾಶಿಮ್. ಹಾಗಾಗಿ ವರದಿಯನ್ನು ಈ ಪತ್ರದೊಂದಿಗೆ ನಿಮಗೇ ಕಳುಹಿಸುತ್ತಿದ್ದೇನೆ. ಒಳ್ಳೆಯ ವಕೀಲರಿಗೆ ತೋರಿಸಿ. ಯಾರು ಕರೆದರೂ ಬಂದು ಹೇಳುತ್ತೇನೆ. ಕೆಲಸ ಹೋಗಬಹುದು, ಗೊತ್ತು.

ನಿಮ್ಮ ಮುಂದೆ ತಲೆ ತಗ್ಗಿಸಿ,
ದೀಪ್ತಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಅವರ ಕೋಣೆಯ ಇಮ್ತಿಯಾಜ್ ನಿನ್ನೆ ಸಿಕ್ಕಿದ್ದರು. ಏಸಿ ಕೆಟ್ಟಾಗ ಉಳಿದವರೆಲ್ಲ ಚಾಪೆ ಹಿಡಿದು ಕೆಳಗಿನ ಕಾರಿಡಾರಿಗೆ ಹೋದರಂತೆ. ಪೂವಪ್ಪಣ್ಣ ಟ್ಯಾಂಕಿನ ಕೆಳಗಿನ ಮಂಚ ಬಿಡಲಿಲ್ಲ. "ಬೆನ್ನುನೋವು, ನೆಲದಲ್ಲಿ ಮಲಗ್ಲಿಕ್ಕೆ ಆಗುದಿಲ್ಲ. ಹೆದರ್ಬೇಡಿ, ಮೇಲಿನ ಹಲಗೆಗೆ ದೀಪ್ತಿ ಮೇಡಮ್ಮಿನ ಸಹಿ ಉಂಟು" ಎಂದರಂತೆ.