ಎರಡರ ತಲೆಯ ಮೇಲಿನ ಮೂರು

ಮಾರ್ಚ್ 14, ಗುರುವಾರ

ಇವತ್ತು ಅಕ್ಕನ ಮೇಲೆ ರೇಗಿಬಿಟ್ಟೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಓದಿಸಲೆಂದೇ ಶಾಲೆ ಬಿಟ್ಟು ಹೊಲಿಗೆ ಮೆಷಿನ್ ಮುಂದೆ ಕೂತವಳ ಮೇಲೆ, ಗಣಿತದ ಟೀಚರ್ ಆದ ನಾನು! ನಲವತ್ತೆಂಟನೇ ವಯಸ್ಸಿನಲ್ಲಿ ನಾಳೆ ಅವಳಿಗೆ ಹತ್ತನೇ ತರಗತಿಯ ಗಣಿತ ಪರೀಕ್ಷೆ.

360ನ್ನು ಅವಿಭಾಜ್ಯ ಸಂಖ್ಯೆಗಳಾಗಿ ಚೆನ್ನಾಗಿಯೇ ಒಡೆದಿದ್ದಳು: 2×2×2×3×3×5. ಘಾತದಲ್ಲಿ ಬರೆ ಎಂದೆ. 2³×3²×5 ಎಂದು ಬರೆದಳು. ತಾಳೆ ನೋಡುವಾಗ ಮಾತ್ರ 2³ ಅಂದರೆ ಆರು ಎಂದಳು, ನಾಲ್ಕನೇ ಸಲ.

“ಎಷ್ಟು ಸಲ ಹೇಳ್ಬೇಕು ಅಕ್ಕಾ! ಎರಡ್ಮೂರ್ಲಿ ಆರು ಅಲ್ಲ, ಎರಡನ್ನ ಎರಡರಿಂದಲೇ ಗುಣಿಸ್ತಾ ಹೋಗ್ಬೇಕು!”

“ಬಿಡೇ, ನನ್ನ ತಲೆಗೆ ಇದು ಹತ್ತಲ್ಲ.” ಪೆನ್ಸಿಲ್ ಕೆಳಗಿಟ್ಟು, ಕತ್ತರಿಸಬೇಕಿದ್ದ ಬಟ್ಟೆಯನ್ನು ಎಳೆದುಕೊಂಡು ಮಡಿಸತೊಡಗಿದಳು. ನನಗೆ ಮುಖ ಎತ್ತಲಾಗಲಿಲ್ಲ. ಮೂರನೇ ಮಡಿಕೆಗೆ ಅವಳ ಕೈ ನಿಂತಿತು.

“ಒಂದ್ಸಲ ಮಡಿಸಿದ್ರೆ ಎರಡು ಪದರ, ಇನ್ನೊಂದ್ಸಲಕ್ಕೆ ನಾಲ್ಕು, ಈಗ ಎಂಟು. ಇದೇ ಏನೇ ನಿನ್ನ ಎರಡರ ತಲೆ ಮೇಲಿನ ಮೂರು?”

“ಇದೇ ಕಣಕ್ಕಾ.”

“ಇಷ್ಟಕ್ಕೆ ಅಷ್ಟು ಕಿರುಚಿದ್ಯಾ?” ಎಂದು ತಲೆಗೆ ಮೊಟಕಿದಳು. ಎಂಟೊಂಬತ್ಲಿ ಎಪ್ಪತ್ತೆರಡು, ಅದನ್ನು ಐದರಿಂದ ಗುಣಿಸಿದರೆ ಮುನ್ನೂರ ಅರವತ್ತು. ತಾಳೆಯಾಯಿತು!

“ಐದರ ತಲೆ ಮೇಲೆ ಏನೂ ಇಲ್ವಲ್ಲೇ, ಪಾಪ.”

“ಒಂದೇ ಸಲ ಬಂದಿದೆ, ಬೇಕಿಲ್ಲ.”

ಮಲಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದಳು: “ನಾಳೆ ಗೇಟಿನ ತನಕ ಬರ್ತೀಯಾ? ಮಕ್ಕಳ ಮಧ್ಯೆ ಒಬ್ಬಳೇ ಹೋಗೋಕೆ ನಾಚಿಕೆ.”

ನಾಳೆಗೆಂದು ನಾನು ರಜೆ ಹಾಕಿ ಆಗಲೇ ವಾರವಾಯಿತು. ಅದನ್ನು ಹೇಳದೆ, ಬರ್ತೀನಿ ಎಂದೆ. ರೇಗಿದ್ದು ತಪ್ಪಾಯಿತು ಅನ್ನುವುದೊಂದು ಬಾಯಿಗೆ ಬರಲಿಲ್ಲ. ನಾಳೆ ದಾರಿಯಲ್ಲಿ ಹೇಳಬೇಕು, ಅವಳು ನಗಾಡಿದರೂ ಸರಿ.